ಕುದುರೆ ರಕ್ಷಣೆಯ ಗುಂಪಿಗೆ ಸೇರಬೇಕು ಅಂತಿದ್ದೇನೆ, ಮಂಗಳೂರು-ಉಡುಪಿಯವರು ಸ್ವಲ್ಪ ಹೇಳಿ

ಮಣಿಪಾಲದ_ಮಳೆ
ನಮಸ್ಕಾರ ಎಲ್ಲರಿಗೂ. ನನಗೆ ಮಣಿಪಾಲದಲ್ಲಿ ಕೆಲಸ. ಶನಿವಾರ, ಭಾನುವಾರ ಬಿಡುವು. ನಾಯಿ-ಬೆಕ್ಕುಗಳ ಆರೈಕೆ ಮಾಡಿ ಅಭ್ಯಾಸ ಉಂಟು, ಆದರೆ ಕುದುರೆಯನ್ನು ಹತ್ತಿರದಿಂದ ಮುಟ್ಟಿಯೂ ಇಲ್ಲ. ಬೀಚ್ ಕಡೆ ಹೋದಾಗ ಕೆಲವು ಸವಾರಿ ಕುದುರೆಗಳ ಪಕ್ಕೆಲುಬು ಎಣಿಸುವ ಹಾಗೆ ಕಾಣುತ್ತದೆ. ನೋಡಿ ಸುಮ್ನೆ ಬರುವುದಕ್ಕೆ ಮನಸ್ಸಾಗುವುದಿಲ್ಲ. ಕುದುರೆಗಳಿಗಾಗಿ ಕೆಲಸ ಮಾಡುವ ಗುಂಪಿನಲ್ಲಿ ಸ್ವಯಂಸೇವಕಿ ಆಗಬಹುದಾ? ಅನುಭವ ಬೇಕಾ? ಎಂತೆಂಥ ಕೆಲಸ ಇರುತ್ತದೆ? ಡಿಸೆಂಬರ್ ರಜೆಯಲ್ಲಿ ಒಂದು ವಾರ ಪೂರ್ತಿ ಬರಬಲ್ಲೆ. ಇನ್ನೊಂದು ಆಸೆ, ಸವಾರಿ ಕಲಿಸುತ್ತಾರಾ?

ಕುಂದಾಪ್ರದವ
ನಮ್ಮ ಕಡೆ ಕುದುರೆ ಅಂದರೆ ದೈವಸ್ಥಾನದ ಮರದ ಕುದುರೆ. ಅದಕ್ಕೆ ಹುಲ್ಲೂ ಬೇಡ, ಡಾಕ್ಟರೂ ಬೇಡ. ಜೀವ ಇರುವ ಕುದುರೆಗೆ ಸ್ವಯಂಸೇವಕರು ಬೇಕು ಅಂತ ಇವತ್ತೇ ಗೊತ್ತಾದದ್ದು ಮಾರಾಯ್ರೆ.

ಲದ್ದಿ_ಎತ್ತುವವಳು
ನನ್ನ ಹೆಸರು ನೋಡಿದರೆ ಅರ್ಧ ಉತ್ತರ ಸಿಕ್ಕಿತು, ಅಲ್ವಾ? ನಮ್ಮದು ಸುರತ್ಕಲ್ ಆಚೆ ಒಂದು ಸಣ್ಣ ಲಾಯ. ಬಾಡಿಗೆ ಜಾಗ, ಶೀಟಿನ ಮಾಡು, ಕೆಲವೇ ಕುದುರೆಗಳು.

ಕೆಲಸ ಹೇಳುತ್ತೇನೆ. ಬೆಳಿಗ್ಗೆ ಲದ್ದಿ ಎತ್ತುವುದು. ಸಾಧಾರಣ ಗಾತ್ರದ ಒಂದು ಕುದುರೆ ದಿನಕ್ಕೆ ಹದಿನೈದು ಕಿಲೋ ಲದ್ದಿ ಹಾಕುತ್ತದೆ ಅಂತ ಇಟ್ಟುಕೊಳ್ಳಿ. ನೀರಿನ ತೊಟ್ಟಿ ಉಜ್ಜುವುದು. ಒಂದು ಕುದುರೆ ದಿನಕ್ಕೆ 20ರಿಂದ 40 ಲೀಟರ್ ಕುಡಿಯುತ್ತದೆ, ಸೆಕೆಗಾಲದಲ್ಲಿ ಇನ್ನೂ ಜಾಸ್ತಿ. ಪಾಚಿ ವಾಸನೆ ಬಂದರೆ ಕುಡಿಯುವುದೇ ಇಲ್ಲ. ಕಡಲಿಗೆ ಹತ್ತಿರದ ಬಾವಿಗಳು ಏಪ್ರಿಲ್-ಮೇಯಲ್ಲಿ ಉಪ್ಪಾಗುತ್ತವೆ, ಆಗ ಟ್ಯಾಂಕರ್ ನೀರು. ಹುಲ್ಲು ಬಂದರೆ ಇಳಿಸುವುದು, ತೂಕ ಬರೆಯುವುದು. ಯಾವ ಕುದುರೆ ಎಷ್ಟು ತಿಂದಿತು, ಲದ್ದಿ ಗಟ್ಟಿಯೋ ನೀರೋ, ಎಲ್ಲವೂ ಪುಸ್ತಕದಲ್ಲಿ. ಮತ್ತೆ ಗೊರಸು ಕೆರೆಯುವುದು, ಮೈ ಉಜ್ಜುವುದು. ಅದು ಸ್ವಲ್ಪ ಸಮಯ ಬಂದು ಹೋಗಿ ಮಾಡಿದ ಮೇಲೆ. ಮೊದಲ ದಿನವೇ ಹಗ್ಗ ಕೈಗೆ ಕೊಡುವುದಿಲ್ಲ.

ಅನುಭವ ಬೇಡ. ಬೇಕಾದದ್ದು ಒಂದೇ ವಾರದ ಉತ್ಸಾಹವಲ್ಲ, ತಿಂಗಳಿಗೆ ಒಂದೇ ದಿನವಾದರೂ ತಪ್ಪದೆ ಬರುವ ಅಭ್ಯಾಸ. ಕುದುರೆಗೆ ಹೊಸಬರು ಅಂದರೆ ಹೆದರಿಕೆ.

ಸವಾರಿ ಇಲ್ಲ. ನಮ್ಮಲ್ಲಿಗೆ ಬರುವ ಕುದುರೆಗಳ ಬೆನ್ನಲ್ಲಿ ಹೆಚ್ಚಾಗಿ ಜೀನಿನ ಗಾಯ ಇರುತ್ತದೆ. ಗಾಯ ಒಣಗಿದ ಮೇಲೂ ಇಲ್ಲ.

ಡಿಸೆಂಬರ್‌ನಲ್ಲಿ ಎಲ್ಲರೂ ಬರುತ್ತಾರೆ. ನಮಗೆ ಜನ ಬೇಕಾದದ್ದು ಜುಲೈಯಲ್ಲಿ.

ಮಣಿಪಾಲದ_ಮಳೆ
ಜುಲೈಯಲ್ಲಿ ಯಾಕೆ? ಬೀಚ್ ಬಂದ್ ಇರುತ್ತದಲ್ಲ, ಕುದುರೆಗಳಿಗೆ ವಿಶ್ರಾಂತಿ ಅಂದುಕೊಂಡಿದ್ದೆ.

ಕಡಲತಡಿ_ಸವಾರಿ
ವಿಶ್ರಾಂತಿ ಕುದುರೆಗೆ. ನಮಗೆ ಉಪವಾಸ. ನಾನು ಸವಾರಿ ಕುದುರೆ ಇಟ್ಟುಕೊಂಡಿರುವವ, ಹೇಳುತ್ತೇನೆ ಕೇಳಿ.

ಅಕ್ಟೋಬರಿನಿಂದ ಮೇ ತನಕ ನಾಲ್ಕು ಕಾಸು. ಬೀಚಿನಲ್ಲಿ ಮಕ್ಕಳು, ನಡುವೆ ಮದುವೆ ದಿಬ್ಬಣ, ಶಾಲೆಯ ಮೆರವಣಿಗೆ. ಜೂನ್ ಬಂತು ಅಂದರೆ ಕಡಲು ಎದ್ದಿತು, ಕೆಂಪು ಬಾವುಟ ಹಾಕಿದರು. ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ. ನಾಲ್ಕು ತಿಂಗಳು ಒಂದು ರೂಪಾಯಿ ಇಲ್ಲ. ಕುದುರೆಗೆ ಮಾತ್ರ ದಿನಾ ಹೊಟ್ಟೆ ಉಂಟು. ಕೆಲವರು ರಾತ್ರಿ ಹಗ್ಗ ಬಿಚ್ಚಿ ಬಿಡುತ್ತಾರೆ, ಎಲ್ಲಾದರೂ ಮೇಯ್ದುಕೊಂಡು ಬರಲಿ ಅಂತ. ಅದು ಹೆದ್ದಾರಿ 66ಕ್ಕೆ ಹೋಗಿ ನಿಲ್ಲುತ್ತದೆ. ಲಾರಿ ಬಡಿಯುತ್ತದೆ. ಮರುದಿನ ಎಲ್ಲರ ಫೋನಿನಲ್ಲಿ ಫೋಟೊ, "ಕ್ರೂರಿ ಮಾಲೀಕ".

ಪಕ್ಕೆಲುಬು ಕಂಡಿತು ಅಂದಿರಿ. ಹೌದು, ಕಾಣುವ ಕುದುರೆ ಉಂಟು. ಕೆಟ್ಟವರೂ ಇದ್ದಾರೆ. ಆದರೆ ಎಲ್ಲರೂ ಅಲ್ಲ ಅಂತ ಯಾರಾದರೂ ಒಮ್ಮೆ ಬರೆಯಿರಿ.

ಕಪ್ಪುಕೋಟು
ಕಷ್ಟ ಅರ್ಥವಾಗುತ್ತದೆ. ಆದರೆ ಸಾಕಲು ಆಗದಿದ್ದರೆ ಇಟ್ಟುಕೊಳ್ಳಬಾರದು. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರ 11ನೇ ಸೆಕ್ಷನ್ ಪ್ರಕಾರ ಸಾಕಷ್ಟು ಆಹಾರ, ನೀರು, ನೆರಳು ಕೊಡದಿರುವುದೂ ಅಪರಾಧ, ಗಾಯ ಇರುವ ಪ್ರಾಣಿಯನ್ನು ದುಡಿಸುವುದೂ ಅಪರಾಧ. ಮುಳ್ಳಿರುವ ಕಡಿವಾಣ ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳ 1965ರ ನಿಯಮದಲ್ಲೇ ನಿಷೇಧ. ದೂರು ಕೊಡಿ, ಕುದುರೆ ವಶಪಡಿಸಿಕೊಳ್ಳಲಿ. ಸ್ವಯಂಸೇವಕರು ಮಾಡಬೇಕಾದ ಮೊದಲ ಕೆಲಸ ಅದು.

ಲದ್ದಿ_ಎತ್ತುವವಳು
ವಶಪಡಿಸಿಕೊಂಡು ಎಲ್ಲಿ ಕಟ್ಟುತ್ತೀರಿ, ಕಪ್ಪುಕೋಟು? ಠಾಣೆಯ ತೆಂಗಿನಮರಕ್ಕಾ?

ನಾನು ಇದನ್ನು ಜಗಳಕ್ಕೆ ಕೇಳುತ್ತಿಲ್ಲ. ಕುದುರೆ 25-30 ವರ್ಷ ಬದುಕುವ ಪ್ರಾಣಿ. ಹತ್ತು ವರ್ಷದ ಕುದುರೆಯನ್ನು ಬಿಡಿಸಿ ತಂದರೆ ಇನ್ನು ಹದಿನೈದು ವರ್ಷ ಅದರ ಊಟ, ಗೊರಸು, ಔಷಧ ನಮ್ಮ ಮೇಲೆ. ಬಿಡಿಸಿ ತರುವ ದಿನ ಜನ ಸೇರುತ್ತಾರೆ, ವಿಡಿಯೊ ಆಗುತ್ತದೆ, ಹಣವೂ ಬರುತ್ತದೆ. ಮೂರನೇ ಮಳೆಗಾಲದಲ್ಲಿ ಹುಲ್ಲಿನ ಬಿಲ್ ಕಟ್ಟುವವರು ಯಾರು? ಹಾಗಾಗಿ ನಾವು ತೀರಾ ಕೆಟ್ಟ ಸ್ಥಿತಿಯ ಕುದುರೆಯನ್ನು ಮಾತ್ರ ತರುತ್ತೇವೆ. ಉಳಿದದ್ದಕ್ಕೆ ಮಾಲೀಕರ ಮನೆಗೇ ಹೋಗುತ್ತೇವೆ. ಹುಲ್ಲು ಕೊಡುತ್ತೇವೆ, ಜಂತುಹುಳದ ಔಷಧ ಹಾಕಿಸುತ್ತೇವೆ, ಗೊರಸು ಕತ್ತರಿಸಲು ಜನ ಕರೆಸುತ್ತೇವೆ, ಜೀನಿನ ಅಡಿಗೆ ದಪ್ಪ ಕಂಬಳಿ ಹೊಲಿಸಿ ಕೊಡುತ್ತೇವೆ. ಒಂದು ಕುದುರೆ ಲಾಯದಲ್ಲಿಡುವ ಹಣದಲ್ಲಿ ಹೊರಗಿನ ಎಷ್ಟೋ ಕುದುರೆ ಮಳೆಗಾಲ ದಾಟುತ್ತವೆ. ರಕ್ಷಣೆ ಅಂದರೆ ಇದೂ ರಕ್ಷಣೆಯೇ ಅಂತ ನನ್ನ ವಾದ. ನಮ್ಮ ಗುಂಪಿನಲ್ಲೇ ಇದನ್ನು ಒಪ್ಪದವರು ಇದ್ದಾರೆ.

ಕಪ್ಪುಕೋಟು
ಜಾಗದ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಉಂಟು. ಕೇಸಿನಲ್ಲಿ ವಶಪಡಿಸಿಕೊಂಡ ಪ್ರಾಣಿಗಳ ಆರೈಕೆಗೆ ಅಂತಲೇ 2017ರ ನಿಯಮಗಳಿವೆ. ಕೇಸು ಮುಗಿಯುವ ತನಕ ಪ್ರಾಣಿಯನ್ನು ಗೋಶಾಲೆಗೋ ಪ್ರಾಣಿದಯಾ ಸಂಸ್ಥೆಗೋ ಒಪ್ಪಿಸಬಹುದು. ಖರ್ಚಿಗೆ ಮಾಲೀಕ ಬಾಂಡ್ ಬರೆದುಕೊಡಬೇಕು. ಕೊಡದಿದ್ದರೆ ಪ್ರಾಣಿ ಸಂಸ್ಥೆಗೇ ಸೇರುತ್ತದೆ.

ಆದರೆ ಒಂದು ಒಪ್ಪುತ್ತೇನೆ. 11ನೇ ಸೆಕ್ಷನ್‌ನ ದಂಡ ಮೊದಲ ಸಲಕ್ಕೆ 10ರಿಂದ 50 ರೂಪಾಯಿ. 1960ರಲ್ಲಿ ಅದು ಹಣ. ಈಗ ಒಂದು ಕಟ್ಟು ಹಸಿಹುಲ್ಲಿಗೂ ಸಾಲುವುದಿಲ್ಲ. ಕೊಂದರೆ ಅಥವಾ ಊನ ಮಾಡಿದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಬರುತ್ತದೆ, ಅದು ಗಟ್ಟಿ.

ಗೋಶಾಲೆ_ಅಣ್ಣ
ಜಾಗಕ್ಕೆ ಇಷ್ಟು ತಲೆಬಿಸಿ ಯಾಕೆ? ನಮ್ಮಂಥ ಗೋಶಾಲೆಗಳಲ್ಲಿ ಒಂದೆರಡು ಕುದುರೆ ಕಟ್ಟುವುದು ದೊಡ್ಡ ವಿಷಯ ಅಲ್ಲ. ಬೈಹುಲ್ಲು ರಾಶಿ ಇದೆ. ಹಿಂಡಿ, ಬೂಸಾ ಇದೆ. ಸೂಪರ್ ನೇಪಿಯರ್ ಹುಲ್ಲು ಬೆಳೆಸಿದ್ದೇವೆ. ದನ ತಿನ್ನುವುದನ್ನು ಕುದುರೆಯೂ ತಿನ್ನುತ್ತದೆ.

ದನದ_ಡಾಕ್ಟರ್
ತಿನ್ನುತ್ತದೆ ಅಣ್ಣ, ಅದೇ ಸಮಸ್ಯೆ.

ನಾನು ಪಶುವೈದ್ಯ. ಕರಾವಳಿಯಲ್ಲಿ ದಿನಾ ನೋಡುವುದು ದನ, ನಾಯಿ. ಕುದುರೆ ಅಪರೂಪ. ಆದರೂ ಇಷ್ಟು ಖಂಡಿತ ಹೇಳಬಲ್ಲೆ. ದನಕ್ಕೆ ನಾಲ್ಕು ಕೋಣೆಯ ಹೊಟ್ಟೆ, ಮೆಲುಕು ಹಾಕುತ್ತದೆ. ಕುದುರೆಯ ಜಠರ ಸಣ್ಣದು, ಹತ್ತು-ಹದಿನೈದು ಲೀಟರ್ ಅಷ್ಟೇ. ನಾರು ಕರಗುವುದೆಲ್ಲ ಹಿಂದಿನ ದೊಡ್ಡ ಕರುಳಿನಲ್ಲಿ. ಮತ್ತೆ ಅದಕ್ಕೆ ವಾಂತಿ ಬರುವುದಿಲ್ಲ. ಒಳಗೆ ಹೋದದ್ದು ಮುಂದೆ ಹೋಗಲೇಬೇಕು, ಇಲ್ಲವಾದರೆ ಸಾವು.

ಬೈಹುಲ್ಲು ಒಂದನ್ನೇ ಹಾಕಿದರೆ ಶಕ್ತಿ ಸಿಗುವುದಿಲ್ಲ, ಮೇಲಿಂದ ಕರುಳಿನಲ್ಲಿ ಗಂಟು ಕಟ್ಟುತ್ತದೆ. ನೀರು ಕಡಿಮೆ ಕುಡಿಯುವ ಕುದುರೆಗೆ ಇನ್ನೂ ಅಪಾಯ. ಬೂಸಾದಲ್ಲಿ ರಂಜಕ ಜಾಸ್ತಿ, ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಕಡಿಮೆ. ನೇಪಿಯರ್‌ನಂಥ ಹುಲ್ಲಿನಲ್ಲಿ ಆಕ್ಸಲೇಟ್ ಇರುತ್ತದೆ, ಅದು ಇದ್ದ ಕ್ಯಾಲ್ಸಿಯಂ ಅನ್ನೂ ಹಿಡಿದಿಡುತ್ತದೆ. ಎರಡೂ ಸೇರಿ ತಿಂಗಳುಗಟ್ಟಲೆ ತಿಂದರೆ ಕುದುರೆ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಮುಖದ ಮೂಳೆ ಊದುತ್ತದೆ, ಕಾಲು ಕುಂಟುತ್ತದೆ. ನೋಡಿದವರಿಗೆ ಹೊಟ್ಟೆ ತುಂಬಿದ ಕುದುರೆ ಅಂತಲೇ ಕಾಣುತ್ತದೆ.

ಎಲ್ಲಕ್ಕಿಂತ ಹೆದರಿಕೆ ಹಿಂಡಿಯದ್ದು. ದನ, ಕೋಳಿಯ ಕೆಲವು ತಯಾರಿ ಆಹಾರಕ್ಕೆ ಮೊನೆನ್ಸಿನ್ ಅಂತ ಸೇರಿಸುತ್ತಾರೆ. ದನಕ್ಕೆ ಏನೂ ಆಗುವುದಿಲ್ಲ. ಕುದುರೆಗೆ ಸ್ವಲ್ಪವೇ ಸಾಕು, ಹೃದಯದ ಸ್ನಾಯು ಹಾಳಾಗಿ ಸಾಯುತ್ತದೆ. ಚೀಲದ ಮೇಲೆ ಏನು ಬರೆದಿದೆ ಅಂತ ಓದದೆ ಹಾಕಲೇಬಾರದು.

ಗೋಶಾಲೆ_ಅಣ್ಣ
ಹಿಂಡಿಯ ವಿಷಯ ನನಗೆ ಹೊಸದು. ನಾಳೆಯೇ ಚೀಲ ನೋಡುತ್ತೇನೆ. ಆದರೆ ಡಾಕ್ಟ್ರೇ, ಮತ್ತೆ ಎಂತ ಹಾಕುವುದು? ಕರಾವಳಿಯಲ್ಲಿ ಸಿಗುವುದು ಅದೇ ತಾನೇ?

ದನದ_ಡಾಕ್ಟರ್
ಗದ್ದೆ ಬದುವಿನ ಊರ ಹುಲ್ಲು ಒಳ್ಳೆಯದು. ನೇಪಿಯರ್ ಹಾಕುವುದೇ ಆದರೆ ಬೇರೆ ಹುಲ್ಲಿನ ಜೊತೆ ಬೆರೆಸಿ, ಖನಿಜದ ಪುಡಿ ಕೊಡಿ. ಕುದುರೆ ಮೆಂತೆ (ಲೂಸರ್ನ್) ಸೊಪ್ಪಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿರುತ್ತದೆ. ಹುರುಳಿ ಕೊಡುವುದಾದರೆ ಬೇಯಿಸಿ, ಸ್ವಲ್ಪ. ಉಪ್ಪಿನ ಗಟ್ಟಿ ಯಾವಾಗಲೂ ಎದುರಿಗೆ ಇರಲಿ. ನಮ್ಮ ಸೆಕೆಯಲ್ಲಿ ಬೆವರಿನ ಜೊತೆ ತುಂಬಾ ಉಪ್ಪು ಹೋಗುತ್ತದೆ.

ಲದ್ದಿ_ಎತ್ತುವವಳು
ಲೆಕ್ಕವೂ ಹೇಳಿಬಿಡುತ್ತೇನೆ, ಯಾಕೆಂದರೆ ಹುಲ್ಲು ತರುವ ಸ್ವಯಂಸೇವಕರಿಗೆ ಇದು ತಿಳಿದಿರಬೇಕು. ಕುದುರೆಗೆ ದಿನಕ್ಕೆ ದೇಹದ ತೂಕದ ನೂರಕ್ಕೆ ಎರಡರಷ್ಟು ಒಣ ಮೇವು ಬೇಕು. 300 ಕಿಲೋ ಕುದುರೆಗೆ 6 ಕಿಲೋ. ಮಳೆಗಾಲದ ಎಳೆಹುಲ್ಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಅಂದರೆ ಹಸಿಹುಲ್ಲು ಮಾತ್ರ ಕೊಟ್ಟರೆ ದಿನಕ್ಕೆ 30 ಕಿಲೋ ಕೊಯ್ಯಬೇಕು. ಜುಲೈಯಲ್ಲಿ ಎಲ್ಲೆಲ್ಲೂ ಹಸಿರು, ಕುದುರೆಗೆ ಹೊಟ್ಟೆಗಿಲ್ಲ ಅಂತ ಯಾಕೆ ಹೇಳುತ್ತೀರಿ ಅಂತ ಕೇಳುತ್ತಾರಲ್ಲ, ಇದೇ ಕಾರಣ. ಆ ಮಳೆಯಲ್ಲಿ ಒಣಗಿಸಲೂ ಆಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಬೂಸ್ಟು ಹಿಡಿದ ಹುಲ್ಲು ಕುದುರೆಗೆ ಕೊಡಲೇಬಾರದು, ಉಸಿರಾಟ ಕೆಡುತ್ತದೆ. ಹಾಗಾಗಿ ಮೇ ತಿಂಗಳಲ್ಲೇ ಘಟ್ಟದ ಮೇಲಿಂದ ಒಣಹುಲ್ಲು ತರಿಸಿ, ಮರದ ಹಲಗೆ ಮೇಲೆ ಒಟ್ಟಿ ಇಡಬೇಕು. ಅದನ್ನು ಲಾರಿಯಿಂದ ಇಳಿಸಲು ಕೈ ಬೇಕು. ಇನ್‌ಸ್ಟಾಗ್ರಾಮಿಗೆ ಹಾಕುವಂಥ ಕೆಲಸ ಅಲ್ಲ.

ಶಂಕರಪುರ_ಮಲ್ಲಿಗೆ
ಲದ್ದಿ ಎಂತ ಮಾಡುತ್ತೀರಿ? ನಮ್ಮ ಕಡೆ ಮಲ್ಲಿಗೆ ಗಿಡಕ್ಕೆ ಗೊಬ್ಬರ ಯಾವಾಗಲೂ ಬೇಕು.

ಲದ್ದಿ_ಎತ್ತುವವಳು
ಬನ್ನಿ, ಖಂಡಿತ ಬನ್ನಿ. ಆದರೆ ಹಸಿಯಾಗಿ ಹಾಕಬೇಡಿ, ಬೇರು ಸುಡುತ್ತದೆ, ಕಳೆಯೂ ಹುಟ್ಟುತ್ತದೆ. ಗುಂಡಿಯಲ್ಲಿ ಕೊಳೆಸಿದ ಹಳೆಯ ರಾಶಿ ಇದೆ. ಚೀಲ ನೀವೇ ತನ್ನಿ. ಹಣ ಬೇಡ, ಹುಲ್ಲು ಕೊಟ್ಟರೆ ಸಾಕು.

ಘಟ್ಟದಾಚೆ
ನಾನು ರೇಸ್ ಕುದುರೆಗಳ ಲಾಯದಲ್ಲಿ ಸಾಯಿಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಆಗಿದ್ದವ. ಈಗ ಊರಲ್ಲಿದ್ದೇನೆ. ಹೊಸಬರಿಗೆ ನಾಲ್ಕು ಮಾತು.

ಕುದುರೆಯ ಹಿಂದೆ ಹೋಗಿ ನಿಲ್ಲಬೇಡಿ. ಬಾಲದ ನೇರ ಹಿಂದೆ ಅದಕ್ಕೆ ಕಾಣುವುದಿಲ್ಲ. ಹಣೆಯ ಎದುರಿಗೆ, ಮೂಗಿನ ಕೆಳಗೂ ಕಾಣುವುದಿಲ್ಲ, ಅದಕ್ಕೇ ಸೀದಾ ಮುಖಕ್ಕೆ ಕೈ ಚಾಚಿದರೆ ಬೆಚ್ಚುತ್ತದೆ. ಎಡಭುಜದ ಕಡೆಯಿಂದ, ಮಾತಾಡುತ್ತಾ ಹೋಗಿ. ಮಾತು ಯಾವ ಭಾಷೆಯಾದರೂ ಸರಿ, ತುಳುವೂ ಆದೀತು. ಕಿವಿ ಹಿಂದಕ್ಕೆ ಚಪ್ಪಟೆಯಾಯಿತು ಅಂದರೆ ನಿಂತುಬಿಡಿ. ಹಗ್ಗವನ್ನು ಯಾವತ್ತೂ ಕೈಗೆ ಸುತ್ತಿಕೊಳ್ಳಬೇಡಿ. ಅದು ಓಡಿದರೆ ಬೆರಳು ಹೋಗುತ್ತದೆ. ಮಡಚಿ ಹಿಡಿಯಿರಿ. ಕಾಲಿಗೆ ಗಟ್ಟಿ ಬೂಟು. ಚಪ್ಪಲಿಯಲ್ಲಿ ಬಂದವರನ್ನು ನಾನಾದರೆ ಗೇಟಿನಲ್ಲೇ ವಾಪಸು ಕಳಿಸುತ್ತೇನೆ.

ಗೊರಸು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಬೇಕು. ನಿಮ್ಮ ಕರಾವಳಿಯಲ್ಲಿ ದೊಡ್ಡ ತೊಂದರೆ ಒದ್ದೆ ನೆಲ. ಗೊರಸಿನ ಅಡಿಯಲ್ಲಿ ಮೂರು ಮೂಲೆಯ ಮೆತ್ತನೆ ಭಾಗ ಇದೆಯಲ್ಲ, ಅದು ಕೊಳೆಯುತ್ತದೆ. ಕಪ್ಪು ರಸ, ಕೆಟ್ಟ ವಾಸನೆ. ದಿನಾ ಕೆರೆದು ಒಣಗಿಸಿದರೆ ಅರ್ಧ ಕುದುರೆಗಳ ಕುಂಟು ಬರುವುದೇ ಇಲ್ಲ. ಇದಕ್ಕೆ ಹಣ ಬೇಡ, ಬೆನ್ನು ಬಗ್ಗಿಸುವವರು ಬೇಕು.

ಕುಂದಾಪ್ರದವ
ವಿಜಯನಗರದ ಕಾಲದಲ್ಲಿ ಅರಬ್ಬಿ ಕುದುರೆಗಳು ಭಟ್ಕಳದಂಥ ನಮ್ಮ ಬಂದರುಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವಂತೆ. ಒಂದೂ ಇಲ್ಲಿ ನಿಲ್ಲಲಿಲ್ಲ. ಈ ಮಳೆ ನೋಡಿಯೇ ಓಡಿರಬೇಕು.

ಘಟ್ಟದಾಚೆ
ನಗಬೇಡಿ, ಅದರಲ್ಲಿ ಸತ್ಯ ಉಂಟು. ಮಾರವಾಡಿ, ಕಾಠಿಯಾವಾಡಿ ತಳಿಗಳು ಒಣ ನಾಡಿನವು. ನಿಮ್ಮ ಸೆಕೆಯಲ್ಲಿ ಕೆಲವಕ್ಕೆ ಬೆವರುವುದೇ ನಿಂತುಬಿಡುತ್ತದೆ. ಉಳಿದ ಕುದುರೆಗಳು ಒದ್ದೆಯಾಗಿರುವಾಗ ಒಂದು ಮಾತ್ರ ಒಣಗಿ ನಿಂತು ಏದುಸಿರು ಬಿಡುತ್ತಿದ್ದರೆ ಅದು ಆರಾಮ ಇದೆ ಅಂತ ಅಲ್ಲ. ನೀರು ಹೊಯ್ದು ಡಾಕ್ಟರನ್ನು ಕರೆಯಿರಿ.

ಕಪ್ಪುಕೋಟು
ಸೆಕೆಯ ಬಗ್ಗೆ ಒಂದು ತಮಾಷೆ. 1965ರ ನಿಯಮದಲ್ಲಿ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರ ತನಕ ಪ್ರಾಣಿಯನ್ನು ದುಡಿಸಬಾರದು ಅಂತ ಇದೆ. ಅದು ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗೆ. ಸವಾರಿ ಕುದುರೆಗೆ ಹಚ್ಚಬೇಕಾದರೆ ವಾದ ಮಾಡಬೇಕು. ವಾದ ಗೆದ್ದರೂ ಮಂಗಳೂರಿನಲ್ಲಿ 37 ದಾಟುವ ದಿನಗಳೇ ಕಡಿಮೆ. 33 ಡಿಗ್ರಿಯಲ್ಲೇ ನಾವೆಲ್ಲ ಬೆವರಿ ಒದ್ದೆ. ನಿಯಮ ಬರೆದವರು ಗಾಳಿಯ ತೇವ ಲೆಕ್ಕಕ್ಕೆ ಹಿಡಿದಿಲ್ಲ.

ಮಣಿಪಾಲದ_ಮಳೆ
ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಬೀಚಿನಲ್ಲಿ ನಿಂತು ಜನರಿಗೆ ಹೇಳುವ ಕೆಲಸ ಮಾಡಬಹುದಾ? ದೊಡ್ಡವರು ಸಣ್ಣ ಕುದುರೆ ಹತ್ತಬೇಡಿ ಅಂತ?

ಲದ್ದಿ_ಎತ್ತುವವಳು
ಮಾಡಬಹುದು. ಸವಾರ, ಜೀನು ಎರಡೂ ಸೇರಿ ಕುದುರೆಯ ತೂಕದ ನೂರಕ್ಕೆ ಇಪ್ಪತ್ತು ದಾಟಬಾರದು ಅಂತ ಸಾಮಾನ್ಯ ಲೆಕ್ಕ. 250 ಕಿಲೋ ಟಟ್ಟು ಆದರೆ 50 ಕಿಲೋ. ಬಡಕಲಾದದ್ದಕ್ಕೆ ಅದೂ ಜಾಸ್ತಿ.

ಕಡಲತಡಿ_ಸವಾರಿ
ಹೇಳಿ, ನಮಗೂ ಉಪಕಾರ. ತೊಂಬತ್ತು ಕಿಲೋ ಮನುಷ್ಯ ಬಂದು ರೀಲ್ಸ್ ಮಾಡಬೇಕು ಹತ್ತಿಸು ಅಂತಾನೆ. ಆಗುವುದಿಲ್ಲ ಅಂದರೆ ಪಕ್ಕದವನ ಕುದುರೆಗೆ ಹೋಗುತ್ತಾನೆ. ಮಾಲೀಕ ಹೇಳಿದರೆ ದುರಹಂಕಾರ, ನೀವು ಹೇಳಿದರೆ ಕೇಳಿಯಾರು. ಆದರೆ ಫೋನು ಎತ್ತಿ ವಿಡಿಯೊ ಮಾಡುತ್ತಾ ಬರಬೇಡಿ. ಆಮೇಲೆ ಯಾರೂ ನಿಮ್ಮ ಹತ್ತಿರ ಮಾತಾಡುವುದಿಲ್ಲ. ಕುದುರೆಯನ್ನೂ ತೋರಿಸುವುದಿಲ್ಲ.

ದನದ_ಡಾಕ್ಟರ್
ಬೀಚಿನಲ್ಲಿ ಇನ್ನೊಂದು ಕೆಲಸ ಮಾಡಿ. ಮರಳಿನ ಮೇಲೆ ಹುಲ್ಲು ಹಾಕಿ ತಿನ್ನಿಸುವುದನ್ನು ನಿಲ್ಲಿಸಿ. ಹುಲ್ಲಿನ ಜೊತೆ ಮರಳು ಒಳಗೆ ಹೋಗಿ ಕರುಳಿನಲ್ಲಿ ಕೂರುತ್ತದೆ. ಪರೀಕ್ಷೆ ಸುಲಭ. ನೆಲಕ್ಕೆ ತಾಗದ ಲದ್ದಿಯನ್ನು ಒಂದು ಬಕೆಟ್ ನೀರಿನಲ್ಲಿ ಕಲಸಿ ಬಿಡಿ. ಅಡಿಯಲ್ಲಿ ಮರಳು ನಿಂತರೆ ತೊಂದರೆ ಉಂಟು. ಇಸಬ್ಗೋಲ್ ಕೊಡುವ ಕ್ರಮ ಇದೆ. ಆದರೆ ಅದಕ್ಕಿಂತ ಮೊದಲು ಒಂದು ಪ್ಲಾಸ್ಟಿಕ್ ಟಬ್ ತೆಗೆದುಕೊಡಿ, ಹುಲ್ಲು ಅದರಲ್ಲಿ ಹಾಕಲಿ.

ಹೊಟ್ಟೆನೋವಿನ ಗುರುತು ಎಲ್ಲ ಸ್ವಯಂಸೇವಕರಿಗೂ ತಿಳಿದಿರಬೇಕು. ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಮಲಗಿ ಏಳುವುದು, ಲದ್ದಿ ನಿಲ್ಲುವುದು. ಆರಾಮ ಇರುವ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ದವಡೆಯ ಕೆಳಗೆ ಬೆರಳಿಟ್ಟರೆ ಸಿಗುತ್ತದೆ. 60 ದಾಟಿದರೆ ಕಾಯಬೇಡಿ. ಮೇವು ತೆಗೆದಿಡಿ, ಡಾಕ್ಟರಿಗೆ ಫೋನ್ ಮಾಡಿ. ನಮ್ಮ ಕಡೆ ಬಾಟಲಿಯಲ್ಲಿ ಎಣ್ಣೆ, ಮಜ್ಜಿಗೆ ಹೊಯ್ಯುವ ಅಭ್ಯಾಸ ಇದೆ. ಕುದುರೆಗೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆನೋವಿನಲ್ಲಿ ಉಳಿಯಬೇಕಾದ ಕುದುರೆ ನ್ಯುಮೋನಿಯಾದಲ್ಲಿ ಹೋಗುತ್ತದೆ.

ಗೋಶಾಲೆ_ಅಣ್ಣ
ತೀರಾ ಸೊರಗಿದ ಕುದುರೆ ಬಂದರೆ ಮೊದಲು ಹೊಟ್ಟೆ ತುಂಬಾ ಕೊಡುವುದಲ್ವಾ?

ದನದ_ಡಾಕ್ಟರ್
ಅಲ್ಲ. ಅದನ್ನೇ ಮಾಡಿ ಕೊಲ್ಲುತ್ತೇವೆ. ತುಂಬಾ ದಿನ ಹಸಿದ ದೇಹಕ್ಕೆ ಒಮ್ಮೆಗೇ ಧಾನ್ಯ, ಬೆಲ್ಲ ಕೊಟ್ಟರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿದ್ದ ಅಷ್ಟಿಷ್ಟು ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶದ ಒಳಗೆ ಹೋಗಿಬಿಡುತ್ತದೆ. ಮೂರು-ಐದು ದಿನದಲ್ಲಿ ಹೃದಯ ನಿಲ್ಲಬಹುದು. ಹುರುಳಿಯನ್ನೂ ಕೊಡಬೇಡಿ. ಕುದುರೆ ಮೆಂತೆಯ ಒಣ ಸೊಪ್ಪು, ಮುಷ್ಟಿ ಮುಷ್ಟಿ, ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ. ದಿನ ಕಳೆದ ಹಾಗೆ ನಿಧಾನ ಹೆಚ್ಚಿಸುವುದು. ರಾತ್ರಿ ಎರಡು ಗಂಟೆಯ ಪಾಳಿಗೆ ಸ್ವಯಂಸೇವಕರು ಬೇಕಾಗುವುದು ಇಲ್ಲಿ.

ಕುದುರೆ ಎಷ್ಟು ಸೊರಗಿದೆ ಅಂತ ಕಣ್ಣಂದಾಜಿನಲ್ಲಿ ಹೇಳಬೇಡಿ. ಹೆನೆಕೆ ಎಂಬವರು 1983ರಲ್ಲಿ ಮಾಡಿದ 1ರಿಂದ 9ರ ಅಳತೆ ಇದೆ. ಕುತ್ತಿಗೆ, ಭುಜ, ಪಕ್ಕೆ, ಬೆನ್ನು, ಬಾಲದ ಬುಡ ಮುಟ್ಟಿ ನೋಡಿ ಅಂಕ ಕೊಡುವುದು. 5 ಬಂದರೆ ಸರಿ. 1 ಅಂದರೆ ಎಲುಬಿನ ಹಂದರ. ವಾರ ವಾರ ಬರೆದಿಟ್ಟರೆ ಪೊಲೀಸರಿಗೂ ಕೋರ್ಟಿಗೂ ಅದೇ ಸಾಕ್ಷಿ.

ಕಪ್ಪುಕೋಟು
ಇದು ಬಹಳ ಉಪಯೋಗದ ಮಾತು. ಫೋಟೊಕ್ಕಿಂತ ತಾರೀಕು ಹಾಕಿದ ವೈದ್ಯರ ಬರಹಕ್ಕೆ ಬೆಲೆ ಜಾಸ್ತಿ.

ಮಣಿಪಾಲದ_ಮಳೆ
ರೋಗ ನಮಗೆ ಅಂಟುವ ಭಯ ಇದೆಯಾ? ಅಮ್ಮ ಕೇಳುತ್ತಿದ್ದಾರೆ.

ದನದ_ಡಾಕ್ಟರ್
ಅಮ್ಮ ಸರಿಯಾಗಿ ಕೇಳಿದ್ದಾರೆ. ಗ್ಲಾಂಡರ್ಸ್ ಅಂತ ಒಂದು ಉಂಟು. ಮೂಗಿನಲ್ಲಿ ಕೀವು, ಮೈಮೇಲೆ ಗಂಟು, ಹುಣ್ಣು. ಮನುಷ್ಯರಿಗೂ ಬರುತ್ತದೆ, ಜೀವ ತೆಗೆಯಬಹುದು. ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಅದು. ಪಕ್ಕಾ ಆದರೆ 2009ರ ಸಾಂಕ್ರಾಮಿಕ ಪ್ರಾಣಿ ರೋಗಗಳ ಕಾಯ್ದೆಯಡಿ ಕುದುರೆಯನ್ನು ಕೊಲ್ಲಬೇಕಾಗುತ್ತದೆ. ರಕ್ತ ಪರೀಕ್ಷೆಯ ಮುಖ್ಯ ಕೇಂದ್ರ ಹರಿಯಾಣದ ಹಿಸ್ಸಾರ್‌ನ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರ. ಹಾಗಾಗಿ ಹೊಸ ಕುದುರೆ ಯಾವುದೇ ಬಂದರೂ ಬೇರೆ ಕಟ್ಟಿ, ಅದರ ಬಕೆಟ್, ಬ್ರಷ್ ಬೇರೆ ಇರಲಿ. ಮೂಗಿನ ಸಿಂಬಳ ಬರಿಗೈಯಲ್ಲಿ ಒರೆಸಬೇಡಿ.

ಇಲಿಜ್ವರ ನಮ್ಮ ಎರಡೂ ಜಿಲ್ಲೆಗಳ ಮಳೆಗಾಲದ ನೆಂಟ. ಕಾಲಿನಲ್ಲಿ ಗಾಯ ಇದ್ದರೆ ಗಮ್‌ಬೂಟ್ ಇಲ್ಲದೆ ಲಾಯದ ಕೆಸರಿಗೆ ಇಳಿಯಬೇಡಿ. ಕುದುರೆಗೂ ಅದೇ ರೋಗಾಣು ತಾಗಿ ಕಣ್ಣು ಹೋಗಬಹುದು. ಒಂದು ಕಣ್ಣು ಮುಚ್ಚಿಕೊಂಡು ನೀರು ಸುರಿಸುತ್ತಿದ್ದರೆ ಧೂಳು ಅಂತ ಬಿಡಬೇಡಿ.

ಧನುರ್ವಾಯು ಚುಚ್ಚುಮದ್ದು ನೀವೂ ಹಾಕಿಸಿಕೊಳ್ಳಿ, ಕುದುರೆಗೂ ಹಾಕಿಸಿ. ಆ ರೋಗ ಕುದುರೆಗೆ ತಾಗುವಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಗೆ ತಾಗುವುದಿಲ್ಲ. ಒಂದು ತುಕ್ಕು ಮೊಳೆ ಸಾಕು.

ಲದ್ದಿ_ಎತ್ತುವವಳು
ಮತ್ತೊಂದು ವಿಷಯ ಯಾರೂ ಬರೆಯಲಿಲ್ಲ, ನಾನೇ ಬರೆಯುತ್ತೇನೆ. ಎಲ್ಲ ಕುದುರೆ ಉಳಿಯುವುದಿಲ್ಲ. ಲಾರಿ ಬಡಿದು ಕಾಲು ಮುರಿದದ್ದು ಏಳುವುದಿಲ್ಲ. ನೆಲ ಹಿಡಿದ ಕುದುರೆಗೆ ತನ್ನ ತೂಕವೇ ಶತ್ರು. ಒಂದೇ ಮಗ್ಗುಲಲ್ಲಿ ಗಂಟೆಗಟ್ಟಲೆ ಬಿದ್ದರೆ ಅಡಿಯ ಸ್ನಾಯು ಸಾಯುತ್ತದೆ. ಮಗ್ಗುಲು ಬದಲಿಸಲು ಆರು ಜನ ಬೇಕು. ಕೊನೆಗೆ ಡಾಕ್ಟರ್ ಸಾಕು ಅಂದರೆ ಸಾಕು. ಕಾಯ್ದೆಯಲ್ಲೂ ಅದಕ್ಕೆ ಅವಕಾಶ ಇದೆ. ಆಗ "ಇನ್ನೊಂದು ದಿನ ನೋಡುವ" ಅಂತ ಅಳುವವರು ಇರುತ್ತಾರೆ. ಆ ಇನ್ನೊಂದು ದಿನ ನೋವು ತಿನ್ನುವುದು ಕುದುರೆ, ನಾವಲ್ಲ. ಹೂಳಲು ಜೆಸಿಬಿ ಬೇಕು, ಮುರಕಲ್ಲಿನ ನೆಲದಲ್ಲಿ ಗುದ್ದಲಿಯಿಂದ ಆಗುವ ಕೆಲಸ ಅಲ್ಲ. ಜಾಗ ಕೊಡುವವರನ್ನು ಮೊದಲೇ ಕೇಳಿಟ್ಟಿರಬೇಕು. ಇದಕ್ಕೆ ನಿಲ್ಲಲು ಆಗುವುದಿಲ್ಲ ಅನ್ನುವವರು ಬೇರೆ ಕೆಲಸ ಮಾಡಿ, ತಪ್ಪೇನಿಲ್ಲ.

ಕುಂದಾಪ್ರದವ
ತಮಾಷೆ ಮಾಡುತ್ತಿದ್ದವ ಸುಮ್ಮನಾದೆ. ಕೋಟೇಶ್ವರದ ಹತ್ತಿರ ಬೇಸಾಯ ಬಿಟ್ಟ ನಮ್ಮ ಹಡಿಲು ಗದ್ದೆ ಉಂಟು. ಆಳೆತ್ತರ ಹುಲ್ಲು. ಕೊಯ್ದುಕೊಂಡು ಹೋಗುವವರಿದ್ದರೆ ಕೊಡುತ್ತೇನೆ. ಔಷಧ ಹೊಡೆದಿಲ್ಲ.

ಲದ್ದಿ_ಎತ್ತುವವಳು
ಹಡಿಲು ಗದ್ದೆ! ಇದೇ ಬೇಕಾದದ್ದು. ಕರಾವಳಿಯಲ್ಲಿ ಎಷ್ಟು ಗದ್ದೆ ಹಡಿಲು ಬಿದ್ದಿವೆ. ಒಂದೊಂದು ಊರಲ್ಲಿ ಒಬ್ಬೊಬ್ಬರು ಹೀಗೆ ಹೇಳಿದರೆ ಮಾಲೀಕರೇ ಬಂದು ಕೊಯ್ದುಕೊಳ್ಳುತ್ತಾರೆ. ಸಂದೇಶ ಕಳಿಸುತ್ತೇನೆ.

ಗೋಶಾಲೆ_ಅಣ್ಣ
ಚೀಲ ನೋಡಿದೆ. ಸಣ್ಣ ಅಕ್ಷರದಲ್ಲಿ ಏನೇನೋ ಉಂಟು, ಫೋಟೊ ಡಾಕ್ಟ್ರಿಗೆ ಕಳಿಸಿದ್ದೇನೆ. ನಮ್ಮಲ್ಲಿ ದನಗಳಿಂದ ದೂರ ಒಂದು ಹಳೆಯ ಕೊಟ್ಟಿಗೆ ಖಾಲಿ ಇದೆ. ಹೊಸ ಕುದುರೆಯನ್ನು ಬೇರೆ ಕಟ್ಟಲು ಬೇಕಾದರೆ ಕೇಳಿ. ಮೇವು ಮಾತ್ರ ನೀವೇ ತನ್ನಿ, ಇನ್ನು ನನಗೆ ಧೈರ್ಯ ಇಲ್ಲ.

ಘಟ್ಟದಾಚೆ
ಮುಂದಿನ ಭಾನುವಾರ ಶಿರಾಡಿ ಇಳಿದು ಬರುತ್ತಿದ್ದೇನೆ, ಗೊರಸು ಕತ್ತರಿಸುವ ಸಾಮಾನು ಸಮೇತ. ಲಾಯದ ಕುದುರೆಗಳನ್ನು ಮುಗಿಸಿ ಹೊರಗಿನವೂ ಇದ್ದರೆ ನೋಡುವ. ಹಗ್ಗ ಹಿಡಿಯಲು ಇಬ್ಬರು ಬೇಕು. ಕಲಿಯುವ ಮನಸ್ಸಿರುವ ಒಬ್ಬರಾದರೂ ಇರಲಿ. ಪ್ರತಿ ಸಲ ನಾನೇ ಇಳಿದು ಬರಲು ಆಗುವುದಿಲ್ಲ.

ಕಡಲತಡಿ_ಸವಾರಿ
ನನ್ನ ಎರಡನ್ನೂ ತರುತ್ತೇನೆ. ಒಂದರ ಎಡ ಮುಂಗೊರಸು ಒಡೆದಿದೆ. ನನ್ನ ಫೋಟೊ ಎಲ್ಲೂ ಹಾಕಬಾರದು, ಆ ಮಾತು ಕೊಡಿ.

ಮಣಿಪಾಲದ_ಮಳೆ
ನಾನೂ ಬರುತ್ತೇನೆ. ಡಿಸೆಂಬರ್ ತನಕ ಕಾಯುವುದಿಲ್ಲ. ಮಣಿಪಾಲದಿಂದ ಮೊದಲ ಎಕ್ಸ್‌ಪ್ರೆಸ್ ಬಸ್ಸಿಗೆ ಹೊರಟರೆ ಸಾಕಾ? ಎಂತ ತರಬೇಕು?

ಲದ್ದಿ_ಎತ್ತುವವಳು
ಸಾಕು. ಸುರತ್ಕಲ್‌ನಲ್ಲಿ ಇಳಿದು ಫೋನ್ ಮಾಡಿ. ಬೂಟು, ಉದ್ದ ಪ್ಯಾಂಟು, ನೀರಿನ ಬಾಟಲಿ. ಟಿಟಿ ಚುಚ್ಚುಮದ್ದು ಈ ವಾರವೇ ಹಾಕಿಸಿಕೊಳ್ಳಿ. ಸುಗಂಧ ಹಚ್ಚಿಕೊಂಡು ಬರಬೇಡಿ. ಕ್ಯಾರೆಟ್ ತರಬೇಡಿ, ಎಲ್ಲರೂ ತರುತ್ತಾರೆ, ಆಮೇಲೆ ಕುದುರೆಗಳು ಕೈ ಕಚ್ಚಲು ಕಲಿಯುತ್ತವೆ. ತರಲೇಬೇಕು ಅಂತಿದ್ದರೆ ಎರಡು ಗಟ್ಟಿ ಪ್ಲಾಸ್ಟಿಕ್ ಟಬ್ ತನ್ನಿ.

ಕಡಲತಡಿಯವರೇ, ಫೋಟೊ ಇಲ್ಲ, ಮಾತು ಕೊಟ್ಟೆ. ಏಳು ಗಂಟೆಗೆ ಮುಂಚೆ ಬನ್ನಿ, ಬಿಸಿಲೇರುವ ಮೊದಲು ನಿಮ್ಮ ಒಡೆದ ಗೊರಸಿನದ್ದೇ ಮೊದಲು ಮುಗಿಸುವ.